ಮುರಿದ ಮೆಟ್ಟಿಲು ಯಾರದು?

ಮನೆಯಿಂದ,
ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ನನ್ನ ಮುದ್ದು ಮರಕುಟಿಗಾ,

ದೇವರ ಸಮಾಧಾನ ನಿನ್ನ ಜೊತೆಗಿರಲಿ. ಹೇಗಿದ್ದೀಯೋ? ಹೆಬ್ಬೆರಳಿಗೆ ಉಳಿ ತಗುಲಿದ ಗಾಯ ಮಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಅಲ್ಲಿಯೂ ಗರಗಸ ಹಿಡಿದರೆ ಹಸಿವನ್ನೇ ಮರೆಯುತ್ತೀಯೋ? ನಾನು ಗಟ್ಟಿಯಾಗಿದ್ದೇನೆ. ಮಂಡಿನೋವು ಇದ್ದದ್ದೇ, ಅದು ಬಿಟ್ಟುಹೋದರೆ ನನಗೇ ಬೇಜಾರಾದೀತು. ಇವತ್ತು ಹೊಟ್ಟೆ ತಣ್ಣಗಿದೆ ಕಣೋ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಚರ್ಚಿನಲ್ಲಿ ಗಾಯಕರ ಅಟ್ಟಕ್ಕೆ ಹೋಗುವ ಮೆಟ್ಟಿಲು ಮುರಿದು, ಆರ್ಗನ್ ನುಡಿಸುವ ಟೀಚರಮ್ಮ ಬಿದ್ದು ಕಾಲು ಮುರಿದುಕೊಂಡರಲ್ಲ, ಆ ದಿನ ನಿನ್ನ ಅಪ್ಪ ಇಡೀ ಸಭೆಯ ಎದುರು "ಇದು ನನ್ ಮಗನ ಕೆಲಸ, ಅವನಿಗೆ ಎಲ್ಲದರಲ್ಲೂ ಅವಸರ" ಅಂದುಬಿಟ್ಟರು. ನೀನು ಸಾಮಾನಿನ ಚೀಲ ಹೆಗಲಿಗೇರಿಸಿ ಊರು ಬಿಟ್ಟು ಹೊರಟುಹೋದೆ. ಆಮೇಲೆ ಈ ಮನೆಯಲ್ಲಿ ಸುತ್ತಿಗೆಯ ಸದ್ದಿತ್ತೇ ಹೊರತು ಮಾತಿರಲಿಲ್ಲ.

ಹೋದ ವಾರ ಟೀಚರಮ್ಮ ಊರುಗೋಲು ಬಿಟ್ಟು, ತಾವೇ ನಡೆದುಕೊಂಡು ನಮ್ಮ ವರ್ಕ್‌ಶಾಪಿಗೆ ಬಂದರು. ಕಾಲು ಚಾಚಲು ಒಂದು ಪುಟ್ಟ ಸ್ಟೂಲು ಬೇಕಂತೆ. ಹೊರಡುವಾಗ ಅಪ್ಪನ ಕೈ ಹಿಡಿದು, "ನಿಮ್ಮ ಮಗನನ್ನ ನಾನು ಯಾವತ್ತೋ ಕ್ಷಮಿಸಿಬಿಟ್ಟಿದ್ದೀನಪ್ಪಾ. ದಿನಾ ಅವನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ, ತಿಳಿಸಿ" ಅಂದರು. ಅಷ್ಟೇ ನೋಡು, ಅಪ್ಪನ ಮುಖದಲ್ಲಿ ರಕ್ತವೇ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ರಾತ್ರಿ ತಟ್ಟೆಯ ಮುಂದೆ ಕೂತವರು ತುತ್ತು ಎತ್ತಲಿಲ್ಲ. ಕೊನೆಗೆ ಬಾಯಿ ಬಿಟ್ಟರು: ಆ ಮೆಟ್ಟಿಲಿನ ಹಲಗೆ ಹಾಕಿದ್ದು ಅವರೇ. ಬಿರುಕು ಬಿಟ್ಟಿತ್ತು. ಬೇರೆ ಹಲಗೆ ತರಲು ಸೋಮಾರಿತನ ಮಾಡಿ, ಬಿರುಕಿಗೆ ಮರದ ಪುಡಿಯನ್ನೂ ಅಂಟನ್ನೂ ತುಂಬಿ, ಆ ಮೈ ಕೆಳಗೆ ಮಾಡಿ ಮೊಳೆ ಹೊಡೆದಿದ್ದರು. ನೀನು ಮಾಡಿದ್ದು ಪಕ್ಕದಲ್ಲಿ ಹಿಡಿದು ಹತ್ತುವ ಕಟಕಟೆ ಮಾತ್ರ, ಅದು ಇವತ್ತಿಗೂ ಅಲ್ಲಾಡಿಲ್ಲ. ನನಗೆ ಬಂದ ಸಿಟ್ಟು ದೇವರಿಗೇ ಗೊತ್ತು. "ಆದಾಮನಾದ್ರೂ ತಪ್ಪನ್ನ ಹೆಂಡತಿ ಮೇಲೆ ಹಾಕಿದ, ನೀವು ಹೆತ್ತ ಮಗನ ಮೇಲೆ ಹಾಕಿದ್ರಲ್ರೀ!" ಅಂದೆ.

ಮರುದಿನವೇ ಟೀಚರಮ್ಮನ ಮನೆಗೆ ಹೋಗಿ ಒಪ್ಪಿಕೊಂಡರು. ಅದಕ್ಕೆ ಟೀಚರಮ್ಮ, "ಹಾಗಾದ್ರೆ ಇಷ್ಟು ದಿನ ಏನೂ ಮಾಡದವನನ್ನ ಕ್ಷಮಿಸ್ತಾ ಕೂತಿದ್ದೀನಿ! ನಿಮ್ಮನ್ನ ಕ್ಷಮಿಸೋದನ್ನ ಈಗ ಮೊದಲಿಂದ ಶುರು ಮಾಡ್ಬೇಕು. ಸ್ವಲ್ಪ ಟೈಮ್ ಕೊಡಿ" ಅಂದರಂತೆ. ಸಭೆಯ ಎದುರು ಆಡಿದ ಮಾತನ್ನು ಸಭೆಯ ಎದುರೇ ನುಂಗಬೇಕು ಅಂತ ಅಪ್ಪ ಇವತ್ತು ಆರಾಧನೆಯಲ್ಲಿ ಎದ್ದು ನಿಂತರು. ಮೊದಲು ಮರ ಹಸಿ ಇತ್ತು, ಅಂಟು ಹಳೆಯದು ಅಂತ ರಾಗ ಎಳೆದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಪಾಸ್ಟರ್ ಕಾಯುತ್ತಾ ನಿಂತರು. ಕೊನೆಗೆ ಅಪ್ಪ, "ಮರದ್ದಲ್ಲ, ಅಂಟಿಂದಲ್ಲ, ನನ್ ಮಗಂದಂತೂ ಅಲ್ವೇ ಅಲ್ಲ. ತಪ್ಪು ನಂದು. ದೇವರ ಮುಂದೆ, ನಿಮ್ಮೆಲ್ಲರ ಮುಂದೆ ಹೇಳ್ತಿದ್ದೀನಿ" ಅಂದರು. ಪಾಸ್ಟರ್ ಅವರ ತಲೆಯ ಮೇಲೆ ಕೈಯಿಟ್ಟು, "ದೇವರು ಕ್ಷಮಿಸ್ತಾನೆ. ಮಗನ ಪಾಲಿನ ಕ್ಷಮೆ ಮಾತ್ರ ನಾನು ಕೊಡೋಕಾಗಲ್ಲ, ಅದನ್ನ ಅವನ ಹತ್ರನೇ ಕೇಳ್ಬೇಕು" ಅಂದರು. ಆಮೇಲೆ ಟೀಚರಮ್ಮ ನಿನ್ನ ಕಟಕಟೆ ಹಿಡಿದು ಅಟ್ಟ ಹತ್ತಿ ಆರ್ಗನ್ ನುಡಿಸಿದರು. ನಾನು ಅತ್ತುಬಿಟ್ಟೆ. ಮನೆಗೆ ಬಂದು ಅಪ್ಪ ಎರಡು ಸಲ ಬಡಿಸಿಕೊಂಡು ಉಂಡರು. ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ, ಅವರಿಗೂ ನನಗೂ.

ನಿನಗೆ ಕೆಲಸ ಕೊಟ್ಟ ಯಜಮಾನರಿಗೆ ನನ್ನ ವಂದನೆ ತಿಳಿಸು. ನಿನ್ನ ಕೈಗೂ ಕಾಲಿಗೂ ದೇವರ ಕಾವಲಿರಲಿ.

ನಿನ್ನನ್ನೇ ನೆನೆಯುವ,
ಅಮ್ಮ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಸಂಜೆಯ ಬಸ್ಸಿಗೆ ಅಪ್ಪನೇ ತರುತ್ತಿದ್ದಾರೆ. ನೀನು ಓದಿ ಮುಗಿಸುವವರೆಗೆ ಬಾಗಿಲಾಚೆ ನಿಲ್ಲುತ್ತಾರಂತೆ, ಈಗ ಅಲ್ಲೇ ಇರುತ್ತಾರೆ ನೋಡು. ಒಳಗೆ ಕರೆ. ಅವರು ಕ್ಷಮೆ ಕೇಳುವಾಗ ಮಧ್ಯೆ "ಹೋಗ್ಲಿ ಬಿಡಪ್ಪಾ" ಅಂತ ಬಾಯಿ ಹಾಕಬೇಡ, ಪೂರ್ತಿ ಹೇಳಲಿ. ಕ್ಷಮಿಸುವುದು ಬಿಡುವುದು ನಿನ್ನಿಷ್ಟ. ದಾರಿಯಲ್ಲಿ ಅವರು ಏನೂ ತಿಂದಿರುವುದಿಲ್ಲ, ಊಟ ಮಾತ್ರ ಹಾಕು.