ಎಂಟು ದಿನ ತಡ

ಜುಲೈ 19, ಭಾನುವಾರ

ಪುಟ್ಟಿ,

ಸಿಟ್ಟಿಟ್ಟುಕೊಂಡೇ ಓದು, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಓದು. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಮೆಸೇಜ್ ಹಾಕಿದರೆ ಎರಡು ದಿನ ಬಿಟ್ಟು ‘ಸರಿ’ ಅಂತ ಒಂದೇ ಪದ ಬರುತ್ತದೆ. ಯಾವುದಕ್ಕೆ ಸರಿ ಅಂತ ನಾನೇ ಹಿಂದಕ್ಕೆ ಹೋಗಿ ಹುಡುಕಿಕೊಳ್ಳಬೇಕು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನೀನು ನರ್ಸಿಂಗ್ ಓದಲು ಹಾಸ್ಟೆಲಿನಲ್ಲಿದ್ದಾಗ ಬರೆದದ್ದೇ ಕೊನೆ ಅನ್ನಿಸುತ್ತದೆ. ಆಗ ನೀನು ಉತ್ತರದ ಮೇಲೆ ತಾರೀಖಿನ ಜೊತೆಗೆ ಹೊತ್ತನ್ನೂ ಹಾಕುತ್ತಿದ್ದೆ, ಸಂಜೆ ಆರು ಇಪ್ಪತ್ತು ಅಂತ. ಅಕ್ಕನಿಗೆ ಬರೆಯುವುದಕ್ಕೂ ಗಡಿಯಾರ ನೋಡಬೇಕಾ ಅಂತ ನಾನು ಆಡಿಕೊಳ್ಳುತ್ತಿದ್ದೆ.

ಅಮ್ಮ ಆರಾಮಾಗಿದ್ದಾಳೆ. ಮಂಡಿನೋವು ಇದ್ದದ್ದೇ. ನಾವಿಬ್ಬರೂ ಮಾತು ಬಿಟ್ಟಿರುವುದನ್ನು ನಾನು ಹೇಳಿರಲಿಲ್ಲ, ಅವಳೇ ಕಂಡುಕೊಂಡಳು. ಮೊನ್ನೆ ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡರಲ್ಲಿ ಒಂದಕ್ಕೆ ಗಡಿಯಾರ ಕೊಟ್ಟೆ, ಇನ್ನೊಂದಕ್ಕೆ ಬರೀ ಬಾಯಿ ಕೊಟ್ಟೆ, ತಪ್ಪು ನಂದೇ ಬಿಡು ಅಂದಳು. ಬಾಯಿರುವವಳು ಸುಮ್ಮನಾದದ್ದು ನೋಡಿ ಅವಳಿಗೆ ಗಾಬರಿಯಾಗಿ, ಜ್ವರವಾ ಅಂತ ಹಣೆ ಮುಟ್ಟಿ ನೋಡಿದಳು.

ಈಗ ವಿಷಯ. ಈ ಲಕೋಟೆಯಲ್ಲಿ ಎರಡು ಪ್ರಮಾಣಪತ್ರಗಳಿವೆ, ಮೇಲ್ಮನವಿ ತಡವಾದದ್ದೇಕೆ ಅಂತ ಆಣೆ ಮಾಡಿ ಹೇಳುವ ಅಫಿಡವಿಟ್‌ಗಳು. ಒಂದು ನನ್ನದು, ಸಹಿ ಹಾಕಿಯಾಗಿದೆ. ಇನ್ನೊಂದು ನಿನ್ನದು. ಎರಡನ್ನೂ ಈ ಶುಕ್ರವಾರ, ಇಪ್ಪತ್ತನಾಲ್ಕಕ್ಕೆ, ನ್ಯಾಯಾಲಯಕ್ಕೆ ಕೊಡಬೇಕು. ನೀನು ಬುಧವಾರ ಆಫೀಸಿಗೆ ಬಂದು ನಮ್ಮ ಕಿರಿಯ ವಕೀಲೆಯ ಎದುರಿಗೆ ಸಹಿ ಹಾಕಿದರೆ ಸಾಕು. ನನ್ನ ಮುಖ ನೋಡಬೇಕಾಗಿಲ್ಲ. ಹನ್ನೊಂದರಿಂದ ಒಂದರವರೆಗೆ ನಾನು ನ್ಯಾಯಾಲಯದ ಕೌಂಟರಿನಲ್ಲಿರುತ್ತೇನೆ.

ಸಹಿ ಹಾಕುವ ಮುಂಚೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದೆ, ಗೊತ್ತಿಲ್ಲದ್ದೂ ಇದೆ.

ಆ ದಿನ ಮಧ್ಯಾಹ್ನ ಹೆರಿಗೆ ಕೋಣೆಯಿಂದ ನೀನು ಡಾಕ್ಟರಿಗೆ ಫೋನ್ ಮಾಡಿದ್ದು ಮೂರು ನಲವತ್ತಕ್ಕೆ. ಅವರು ಬಂದದ್ದು ನಾಲ್ಕು ಐವತ್ತಕ್ಕೆ. ಮಗು ಉಳಿಯಲಿಲ್ಲ. ರಿಜಿಸ್ಟರಿನಲ್ಲಿ ತಾವು ಬಂದ ಹೊತ್ತನ್ನು ನಾಲ್ಕು ಹತ್ತು ಅಂತ ತಿದ್ದು ಅಂತ ಅವರು ಹೇಳಿದರು. ನೀನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ. ಆಮೇಲೆ ವಿಚಾರಣೆಯಲ್ಲಿ, ಕರೆ ಬಂದದ್ದೇ ತಡವಾಗಿ ಅನ್ನುವ ಅವರ ಮಾತು ನಿಂತಿತು, ನಿನ್ನ ರಿಜಿಸ್ಟರು ನಿಲ್ಲಲಿಲ್ಲ. ನರ್ಸು ತಡವಾಗಿ ಕರೆದಳು ಅಂತ ನರ್ಸಿಂಗ್ ಮಂಡಳಿಯವರು ನಿನ್ನ ನೋಂದಣಿ ರದ್ದು ಮಾಡಿದರು. ಆದೇಶದ ಮೇಲಿನ ತಾರೀಖು ಮಾರ್ಚ್ ಮೂರು. ನಮ್ಮ ಆಫೀಸಿಗೆ ಮೇಲ್‌ನಲ್ಲಿ ಬಂದು ಬಿದ್ದದ್ದು ಮಾರ್ಚ್ ಹನ್ನೊಂದಕ್ಕೆ.

ಮೇಲ್ಮನವಿಗೆ ಮೂವತ್ತು ದಿನ. ಮಂಡಳಿಯ ನಿಯಮದ ಪ್ರಕಾರ ಅದನ್ನು ಆದೇಶದ ತಾರೀಖಿನಿಂದ ಎಣಿಸಬೇಕು, ಕೈಗೆ ಬಂದ ದಿನದಿಂದಲ್ಲ. ಅಂದರೆ ಏಪ್ರಿಲ್ ಎರಡಕ್ಕೆ ಗಡುವು. ನಾನು ಹನ್ನೊಂದರಿಂದ ಎಣಿಸಿ, ಏಪ್ರಿಲ್ ಹತ್ತಕ್ಕೆ, ಕೊನೆಯ ದಿನಕ್ಕಾದರೂ ಮುಟ್ಟಿಸಿದೆ ಅಂತ ನೆಮ್ಮದಿಯಿಂದ ಕೌಂಟರಿಗೆ ಹೋದೆ. ಒಳಗೆ ಕೂತವನು ಬೆರಳು ಮಡಚಿ ಎಣಿಸಿದ. ಏನಕ್ಕಾ, ನೀವೇ ಹೀಗೆ ಮಾಡಿದರೆ ಹೇಗೆ, ಎಂಟು ದಿನ ತಡ ಅಂದ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಬೇರೆ ಆಫೀಸಿನ ಗುಮಾಸ್ತರ ತಪ್ಪು ತೋರಿಸಿ ನಗುತ್ತಿದ್ದವಳು ನಾನು. ಹಿಂದೆ ಸಾಲಿನಲ್ಲಿ ನಿಂತವರು ಮುಂದಕ್ಕೆ ಹೋಗಿ ಅನ್ನುವವರೆಗೂ ಅಲ್ಲೇ ನಿಂತಿದ್ದೆ.

ಇಲ್ಲಿಯವರೆಗೆ ನಿನಗೆ ಗೊತ್ತು. ಮೇಲ್‌ನ ಕಥೆ ಗೊತ್ತಿಲ್ಲ.

ನಮ್ಮ ಹಳೆಯ ಮೇಲ್ ತಂತ್ರಾಂಶದೊಳಗೇ ಕ್ಯಾಲೆಂಡರ್ ಇತ್ತು. ಬಂದ ಪತ್ರದಲ್ಲಿ ತಾರೀಖು ಇದ್ದರೆ ಅದನ್ನು ಒತ್ತಿ ಕ್ಯಾಲೆಂಡರಿಗೆ ಸೇರಿಸಬಹುದು. ಗಡುವಿಗೆ ಒಂದು ವಾರ ಮುಂಚೆ ಗಂಟೆ ಬಾರಿಸಿ ನೆನಪಿಸುತ್ತದೆ. ನಿನ್ನ ಆದೇಶ ಬಂದ ದಿನ ನಮ್ಮ ಕಿರಿಯ ವಕೀಲೆಯೇ ಏಪ್ರಿಲ್ ಎರಡು ಅಂತ ಸರಿಯಾಗಿ ಸೇರಿಸಿದ್ದಳು. ಆದರೆ ಆ ತಂತ್ರಾಂಶಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ತೆರೆಯಲು ಕೊಟ್ಟರೆ ನಾನು ಹೋಗಿ ಕಾಫಿ ಕುಡಿದು ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವವರು ಒಬ್ಬರಿದ್ದಾರಲ್ಲ, ಕೊರಳಿಗೆ ಸದಾ ತಂತಿ ಸುತ್ತಿಕೊಂಡಿರುವ ವೈರ್ ಮಾಮ, ಅವರು ಎರಡು ಹೊಸದನ್ನು ತಂದು ತೋರಿಸಿದರು. ಒಂದರಲ್ಲಿ ಕ್ಯಾಲೆಂಡರ್ ಒಳಗೇ ಇತ್ತು. ಇನ್ನೊಂದರಲ್ಲಿ ಪತ್ರ ಮಾತ್ರ, ಬೇರೇನಿಲ್ಲ. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು.

ಯಾವುದು ಬೇಕು ಅಂತ ಫೈಲುಗಳ ನಡುವಿನ ಮೇಜಿಗೆ ನಮ್ಮ ಹಿರಿಯ ವಕೀಲರು, ಕಿರಿಯಳು, ನಾನು ಕೂತೆವು. ಕಿರಿಯಳು ಕ್ಯಾಲೆಂಡರ್ ಇರಲೇಬೇಕು ಅಂದಳು. ತಾರೀಖು ಬರುವುದೇ ಪತ್ರದೊಳಗೆ, ಅದು ಪತ್ರದ ಪಕ್ಕದಲ್ಲೇ ಇರಲಿ, ಕೈಯಲ್ಲಿ ಎತ್ತಿ ಇನ್ನೊಂದು ಕಡೆ ಬರೆಯುವಾಗಲೇ ತಪ್ಪಾಗುವುದು ಅಂತ ಅವಳ ವಾದ. ನನಗೆ ಅದು ಚುಚ್ಚಿತು. ಆ ಕೈ ನನ್ನದಲ್ಲವಾ? ಅಂಚೆ ಪೆಟ್ಟಿಗೆಯೊಳಗೆ ಯಾರಾದರೂ ಕ್ಯಾಲೆಂಡರ್ ನೇತುಹಾಕುತ್ತಾರೇನಮ್ಮ ಅಂತ ಕೇಳಿದೆ. ಹಿರಿಯರು ನಕ್ಕರು, ನನಗೆ ಉಮೇದು ಬಂತು. ದಿನಕ್ಕೆ ಹದಿನೈದು ಸಲ ಗಂಟೆ ಬಾರಿಸಿದರೆ ಯಾವುದು ಮುಖ್ಯ ಯಾವುದು ಅಲ್ಲ ಅನ್ನುವುದೇ ಗೊತ್ತಾಗುವುದಿಲ್ಲ, ತಾನೇ ಬರೆದುಕೊಂಡವಳಿಗೆ ನೆನಪಿರುತ್ತದೆ, ಯಂತ್ರ ಬರೆದುಕೊಂಡರೆ ಯಂತ್ರಕ್ಕೆ ನೆನಪಿರುತ್ತದೆ ಅಂದೆ. ಇದನ್ನು ಸುಮ್ಮನೆ ಗೆಲ್ಲಲು ಹೇಳಲಿಲ್ಲ. ಈಗಲೂ ಅದು ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ಹಾಗಾದರೆ ಹಳೆಯ ಕ್ಯಾಲೆಂಡರಿನಲ್ಲಿರುವ ತಾರೀಖುಗಳನ್ನು ಯಾರು ಎತ್ತಿ ಬರೆಯುತ್ತಾರೆ ಅಂತ ಕಿರಿಯಳು ಕೇಳಿದಳು. ನಾನಿಲ್ಲವಾ ಅಂದೆ.

ನಾನಿಲ್ಲವಾ. ನಿನ್ನ ಕೇಸು ನಮ್ಮ ಆಫೀಸಿಗೇ ಕೊಡು ಅಂತ ಬಲವಂತ ಮಾಡಿದಾಗ ನಿನಗೂ ಅದನ್ನೇ ಅಂದಿದ್ದೆ. ತಾರೀಖೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡು ಅಂತ ನೀನು ಅಂದೆ. ನನ್ನ ತಲೆಯೇ ಚೀಟಿ ಅಂತ ನಾನು ಗದರಿಸಿ ಕಳಿಸಿದೆ.

ಮಾರ್ಚ್ ಇಪ್ಪತ್ತೇಳರ ಸಂಜೆ ವೈರ್ ಮಾಮ ಹಳೆಯದನ್ನು ತೆಗೆದುಹಾಕಿದರು. ಚಿಲ್ಲರೆ ಜ್ಞಾಪನೆಗಳನ್ನು ಬಿಟ್ಟರೆ ಅದರೊಳಗೆ ಹದಿನೈದು ಗಡುವಿನ ತಾರೀಖುಗಳಿದ್ದವು. ನನ್ನ ಡೈರಿಗೆ ಹದಿನಾಲ್ಕು ಬಂದವು. ಬಾರದೇ ಹೋದದ್ದು ನಿನ್ನದು.

ನನ್ನ ಪ್ರಮಾಣಪತ್ರದಲ್ಲಿ ಇರುವುದು ಇಷ್ಟೇ. ಸರಿಯಾದ ತಾರೀಖು ಹಳೆಯ ಕ್ಯಾಲೆಂಡರಿನಲ್ಲಿ ನಮೂದಾಗಿತ್ತು. ತಂತ್ರಾಂಶ ಬದಲಾಯಿತು. ಹೊಸದರಲ್ಲಿ ಕ್ಯಾಲೆಂಡರ್ ಆಗಲಿ ಜ್ಞಾಪನೆಯಾಗಲಿ ಇಲ್ಲ. ಎತ್ತಿ ಬರೆಯುವಾಗ ಒಂದು ನಮೂದು ಬಿಟ್ಟುಹೋಯಿತು. ಆಮೇಲೆ ಮೇಲ್ ಬಂದ ದಿನವನ್ನೇ ಲೆಕ್ಕಕ್ಕೆ ಹಿಡಿದು ಗುಮಾಸ್ತೆ ತಪ್ಪಿದಳು. ಹಿರಿಯರು ಬರೆಸಿದರು, ನಾನು ಟೈಪ್ ಮಾಡಿದೆ. ಒಂದೊಂದು ವಾಕ್ಯವೂ ನಿಜ, ನೀನೇ ನೋಡು. ನಿನ್ನದು ಆರೇ ಸಾಲು. ಮೊದಲ ಐದರಲ್ಲಿ ನೀನು ಯಾರು, ಏನು ಕೆಲಸ ಮಾಡುತ್ತಿದ್ದೆ, ಕೇಸನ್ನು ಯಾರಿಗೆ ಒಪ್ಪಿಸಿದ್ದೆ ಎಂಬುದಿದೆ. ಆರನೆಯದು, ಗುಮಾಸ್ತೆ ಹೇಳಿರುವುದನ್ನು ಬಿಟ್ಟರೆ ಈ ತಡಕ್ಕೆ ಬೇರೆ ಕಾರಣವಿರುವುದು ನನಗೆ ತಿಳಿದಿಲ್ಲ, ಅಂತ.

ಹೋದ ವಾರದ ವಿಚಾರಣೆಗೆ ನೀನು ಬರಲಿಲ್ಲ. ಬಾರದ್ದೇ ಒಳ್ಳೆಯದಾಯಿತು. ಮಂಡಳಿಯ ವಕೀಲರು ಎದ್ದು, ಮೇಲ್ ಇಲ್ಲದ ಕಾಲದಲ್ಲಿ ಮೇಲ್ಮನವಿಗಳೇ ಇರಲಿಲ್ಲವೇ ಸ್ವಾಮಿ, ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಲು ಇವರಿಗೆ ಯಾರು ಅಡ್ಡ ಬಂದಿದ್ದರು ಅಂದರು. ಕೂತವರೆಲ್ಲ ನಕ್ಕರು. ನನ್ನ ಅಂಚೆ ಪೆಟ್ಟಿಗೆಯ ಮಾತನ್ನೇ ಯಾರೋ ಒಗೆದು ಮಡಚಿ ನನಗೆ ವಾಪಸು ಕೊಟ್ಟ ಹಾಗಿತ್ತು. ನ್ಯಾಯಾಧೀಶರು ನಗಲಿಲ್ಲ. ಕ್ಯಾಲೆಂಡರ್ ಇಲ್ಲದಿರುವುದು ಮೇಲ್ ತಂತ್ರಾಂಶದ ಕೊರತೆ ಅಂತ ತಮ್ಮ ವಾದವೋ ಅಂತ ನಮ್ಮ ಹಿರಿಯರನ್ನು ಕೇಳಿದರು. ಅದು ಬಾಗಿಲಿಲ್ಲದ ಮನೆಯ ಹಾಗೆ, ಒಳಗೆ ಬಂದದ್ದು ಯಾವಾಗ ಹೊರಗೆ ಹೋಯಿತು ಅಂತ ಗೊತ್ತೇ ಆಗುವುದಿಲ್ಲ ಅಂದರು ಹಿರಿಯರು. ನನ್ನ ಮಾತು ಕೇಳಿ ಕ್ಯಾಲೆಂಡರ್ ಇರುವುದು ಬೇಡ ಅಂದವರು ಅವರೇ. ಕಿರಿಯಳು ನನ್ನ ಕಡೆ ತಿರುಗಿ ನೋಡಿದಳು. ಅವಳು ಒಂದು ಸಲ ವ್ಯಂಗ್ಯ ಮಾಡಿ ಬಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಮಾಡಲಿಲ್ಲ. ಮೆಟ್ಟಿಲಿಳಿಯುವಾಗ ಒಂದೇ ಕೇಳಿದಳು, ಏಪ್ರಿಲ್ ಎರಡಕ್ಕೆ ವಾರ ಮುಂಚೆ ಅಂದರೆ ಇಪ್ಪತ್ತಾರು, ಆಗ ಹಳೆಯದು ಇನ್ನೂ ಇತ್ತಲ್ಲ, ಗಂಟೆ ಬಾರಿಸಲಿಲ್ಲವಾ ಅಂತ. ದಿನಕ್ಕೆ ಹದಿನೈದು ಸಲ ಬಾರಿಸುತ್ತಿದ್ದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಅಂದೆ.

ಯಂತ್ರ ಬದಲಾಗುವಾಗ ಆದ ಎಡವಟ್ಟು ಅಂತ ಒಪ್ಪಿದರೆ ನ್ಯಾಯಾಧೀಶರು ಎಂಟು ದಿನ ಮನ್ನಿಸಬಹುದು, ಗುಮಾಸ್ತೆಯ ಉಡಾಫೆ ಅಂತಾದರೆ ಖಂಡಿತ ಇಲ್ಲ ಅಂತ ಹಿರಿಯರು ಹೇಳುತ್ತಾರೆ. ಮನ್ನಿಸದಿದ್ದರೆ ಮೇಲ್ಮನವಿಯನ್ನು ತೆರೆದೂ ನೋಡುವುದಿಲ್ಲ. ಮೂರು ನಲವತ್ತರ ಫೋನಿನ ದಾಖಲೆ ಅದರೊಳಗೇ ಉಳಿಯುತ್ತದೆ. ನೀನು ಇನ್ನು ಹೆರಿಗೆ ಕೋಣೆಗೆ ಕಾಲಿಡುವ ಹಾಗಿಲ್ಲ.

ನೀನು ಈಗ ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿರುವುದನ್ನು ನಾನು ನೋಡಿದ್ದೇನೆ. ಮೇ ತಿಂಗಳಲ್ಲಿ ಒಂದು ಸಂಜೆ ಆ ಬೀದಿಗೆ ಬಂದಿದ್ದೆ. ಹಿಂದಿನ ಬಾಗಿಲು ತೆರೆದಿತ್ತು, ಒಳಗೆಲ್ಲ ಹಬೆ. ನೀನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೇಲೊಂದು ಸಲ ಅಂಗೈಯಿಂದ ಸವರಿ, ಕೆಳಗಿಡುವಾಗ ಒಂದು ಕೈ ಅಡಿಯಲ್ಲಿ ಕೊಡುತ್ತಿದ್ದೆ. ಮೂರು ಸಾವಿರ ಕೂಸುಗಳನ್ನು ಎತ್ತಿಕೊಂಡ ಕೈ ಅದು. ನಾನು ಕರೆಯದೆ ವಾಪಸು ಬಂದೆ.

ಬುಧವಾರ ಬಾ. ಕಿರಿಯಳು ಕಾಯುತ್ತಿರುತ್ತಾಳೆ. ಬರುವಾಗ ಹಿಂದಿನ ಮೆಟ್ಟಿಲಲ್ಲಿ ಹುಷಾರು, ಮೂರನೆಯದು ಸಡಿಲವಾಗಿದೆ.

ನಿನ್ನನ್ನು ಎತ್ತಿ ಆಡಿಸಿದವಳು,
ಅಕ್ಕ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೇಲಿನದನ್ನು ಮಡಚಿ ಲಕೋಟೆಗೆ ಹಾಕಿ, ಅಂಟಿಸಿ, ಮತ್ತೆ ಕಿತ್ತಿದ್ದೇನೆ. ಗಂಟೆ ಬಾರಿಸಿತ್ತು, ಪುಟ್ಟಿ. ಇಪ್ಪತ್ತಾರನೇ ತಾರೀಖು, ಗುರುವಾರ, ಮಧ್ಯಾಹ್ನ ಹನ್ನೆರಡು ಮುಕ್ಕಾಲಿಗೆ. ನಾನು ತಾರೀಖುಗಳನ್ನು ಡೈರಿಗೆ ಎತ್ತಿ ಬರೆಯುತ್ತಲೇ ಇದ್ದೆ, ಹದಿನಾಲ್ಕು ಮುಗಿದಿದ್ದವು. ಪರದೆಯ ಮೇಲೆ ನಿನ್ನ ಹೆಸರು, ಏಪ್ರಿಲ್ ಎರಡು ಅಂತ ಬಂತು. ನನ್ನ ತಲೆಯಲ್ಲಿ ಹತ್ತು ಅಂತಿತ್ತು. ನಿಯಮದ ಪುಸ್ತಕ ಕಪಾಟಿನಲ್ಲಿತ್ತು, ಎರಡು ಹೆಜ್ಜೆ. ನಾನು ಏಳಲಿಲ್ಲ. ನೋಡಿ ಮಾಮ, ನಿಮ್ಮ ಕ್ಯಾಲೆಂಡರಿಗೂ ಎಣಿಸಲು ಬರಲ್ಲ, ಆ ಹುಡುಗಿಗೂ ಬರಲ್ಲ ಅಂತ ವೈರ್ ಮಾಮನಿಗೆ ಕೂಗಿ ಹೇಳಿ, ‘ಮುಚ್ಚು’ ಒತ್ತಿದೆ. ತಪ್ಪು ತಾರೀಖನ್ನು ನನ್ನ ಡೈರಿಗೆ ಯಾಕೆ ಬರೆಯಲಿ ಅಂತ ಬೇಕೆಂದೇ ಬಿಟ್ಟೆ. ಮಾಮ ನಕ್ಕರು. ಅವರಿಗೆ ಈಗ ಅದು ನೆನಪೂ ಇಲ್ಲ, ಕೇಳಿ ನೋಡಿದ್ದೇನೆ. ಹಳೆಯದು ಅಳಿಸಿಹೋಗಿದೆ. ಗೊತ್ತಿರುವುದು ನನಗೊಬ್ಬಳಿಗೆ. ಹೇಳದೆ ಇದ್ದಿದ್ದರೆ ನೀನು ಬುಧವಾರ ಬಂದು ಸಹಿ ಹಾಕಿ ಹೋಗುತ್ತಿದ್ದೆ. ಆದರೆ ನಾಲ್ಕು ಹತ್ತು ಅಂತ ಬರೆಯದವಳ ಕೈಗೆ ನಾನು ಪೆನ್ನು ಕೊಡುತ್ತಿದ್ದೇನೆ. ಏನಕ್ಕೆ ಅಂತ ಹೇಳದೆ ಕೊಡಲು ಆಗಲಿಲ್ಲ. ನಿನ್ನ ಪ್ರಮಾಣಪತ್ರದ ಆರನೇ ಸಾಲು ಇದನ್ನು ಓದುವ ಮುಂಚಿನವರೆಗೆ ನಿಜವಾಗಿತ್ತು.