ಸಂಡಿಗೆ ಬಿಸಿಲು

ಸಾರಕ್ಕಿ, ಜೆ.ಪಿ. ನಗರ
ಏಪ್ರಿಲ್ ೧೪, ೨೦೨೫

ನನ್ನ ಬಂಗಾರ ತೇಜು,

ಹೇಗಿದ್ದೀಯ ಕಂದ? ಕೆಮ್ಮು ವಾಸಿಯಾಯಿತಾ? ಡೆಹ್ರಾಡೂನಿನಲ್ಲಿ ತಿಂಗಳ ಮೊದಲ ವಾರವಿಡೀ ಮಳೆ, ಚಳಿ ಅಂದಿದ್ದೆ. ಊರಿಗೆಲ್ಲ ಹವಾಮಾನ ಹೇಳುವವಳು ನೀನೇ ಸ್ವೆಟರ್ ಹಾಕದೆ ಓಡಾಡಬೇಡ.

ಇದರ ಜೊತೆ ಅಕ್ಕಿ ಸಂಡಿಗೆ ಕಳಿಸುತ್ತಿದ್ದೇನೆ. ಸ್ವಲ್ಪವೇ ಇದೆ, ಬೇಜಾರು ಮಾಡಿಕೊಳ್ಳಬೇಡ. ಮೊದಲು ಹಾಕಿದ್ದೆಲ್ಲ ಹಾಳಾಯಿತು. ಹೋದ ಸೋಮವಾರ ನಿಮ್ಮಪ್ಪ ಎಂದಿನಂತೆ ಬೆಳಿಗ್ಗೆ ಎದ್ದು ಮೊಬೈಲ್ ನೋಡಿ, "ಇವತ್ತು ಒಳ್ಳೇ ಬಿಸಿಲು, ಧೈರ್ಯವಾಗಿ ಹಾಕು ಕಣೇ" ಅಂದರು. ಕೆರೆ ಕಡೆ ಮೋಡ ಏಳುತ್ತಿದೆ ಅಂದರೂ ಕೇಳಲಿಲ್ಲ. ಒಂದು ಕಾಲಕ್ಕೆ ಇದೇ ಸಾರಕ್ಕಿ ಹೊಲದಲ್ಲಿ ನಿಂತು, ಗಾಳಿ ನೋಡಿಯೇ ಮಳೆ ಹೇಳುತ್ತಿದ್ದ ಮನುಷ್ಯ! ಮಧ್ಯಾಹ್ನ ಗುಡುಗು, ಹಿಂದೆಯೇ ಆಲಿಕಲ್ಲು. ನಾನು ತಾರಸಿ ಹತ್ತುವಷ್ಟರಲ್ಲಿ ಸೀರೆ ಮೇಲಿನ ಸಂಡಿಗೆಯೆಲ್ಲ ಗಂಜಿ. ಬಾಯಿಗೆ ಬಂದಂತೆ ಬೈದೆ.

ನೀನಿದ್ದಿದ್ದರೆ ಕೋಲು ಹಿಡಿದು ಕಾಗೆ ಓಡಿಸುವ ನೆಪದಲ್ಲಿ ಅರ್ಧ ಹಸಿ ಸಂಡಿಗೆ ತಿಂದು ಮುಗಿಸಿರುತ್ತಿದ್ದೆ. ನಿನ್ನನ್ನು ನೋಡಬೇಕು ಕಂದ.

ಅಲ್ಲಿನ ಮಳೆ ಹೇಗೆ ಬರುತ್ತೆ ಅಂತ ನೀನು ಹೇಳಿದ್ದು ನೆನಪಿದೆ. ತಣ್ಣನೆ ಗಾಳಿ ಭಾರ, ಬಿಸಿ ಗಾಳಿ ಹಗುರ. ಎದುರಾದರೆ ಅಷ್ಟು ಸುಲಭಕ್ಕೆ ಬೆರೆಯುವುದಿಲ್ಲ. ತಣ್ಣನೆಯದು ಅಡಿಗೆ ನುಗ್ಗಿ ಬಿಸಿಯದನ್ನು ಮೇಲಕ್ಕೆ ತಳ್ಳುತ್ತೆ, ಮೇಲೇರಿದ್ದು ತಂಪಾಗಿ ಮೋಡ ಕಟ್ಟಿ ಸುರಿಯುತ್ತೆ. ಆ ಗಡಿಗೆ ಫ್ರಂಟ್ ಅನ್ನುತ್ತಾರೆ, ಅದು ದಾಟಿಹೋದರೆ ಆಕಾಶ ತಿಳಿಯಾಗುತ್ತೆ ಅಂದೆ. ನಮ್ಮೂರಿಗೆ ಅಂಥದ್ದು ಬರುವುದಿಲ್ಲ, ಇಲ್ಲಿ ಕಡಲಿನ ಒದ್ದೆ ಗಾಳಿಗೆ ಒಣಗಾಳಿ ಎದುರಾಗಿ ಗುಡುಗುತ್ತೆ ಅಂತಲೂ ಹೇಳಿದೆ. ನಮ್ಮ ಮನೆಗೆ ಮಾತ್ರ ಬಂದಿದೆ ತಾಯಿ. ನಿಮ್ಮಪ್ಪ "ಅಷ್ಟು ದೂರ ಹೋದ್ರೆ ನನ್ನ ಮಾತಾಡಿಸ್ಬೇಡ" ಅಂದರು, ನೀನು ಹಾಗೇ ಹೊರಟೆ. ವರ್ಷವಾಯಿತು, ಇಬ್ಬರೂ ಬಗ್ಗಲಿಲ್ಲ. ನಡುವೆ ಸುರಿಯುವವಳು ನಾನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬನಶಂಕರಿ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಕೆಂಪಕ್ಕ

ಮರೆತಿದ್ದೆ. ಕೊರಿಯರ್‌ನವರು ಬಂದರು, ಬೇಗ ಬರೆಯುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಪ್ಪ ಪಕ್ಕದಲ್ಲೇ ಇರುತ್ತಾರೆ. ನಿನ್ನೆ ಮಹಡಿ ಮನೆಯ ಪ್ರಕೃತಿ ನಿಮ್ಮಪ್ಪನ ಮೊಬೈಲ್ ನೋಡಿ, "ಆಂಟಿ, ಇದು ಬೆಂಗಳೂರು ವೆದರ್ ಅಲ್ಲ, ಡೆಹ್ರಾಡೂನ್‌ದು" ಅಂದಳು. ನೀನು ಹೋದಾಗಿನಿಂದ ಅವರು ದಿನಾ ನೋಡುತ್ತಿದ್ದದ್ದು ಅದನ್ನೇ ಅಂತೆ. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದೆ. "ಅವತ್ತು ಅವಳ ಕಡೆ ಮಳೆ ಬಿಟ್ಟು ಬಿಸ್ಲು ಬಂದಿತ್ತು ಕಣೇ, ಖುಷೀಲಿ ಹೇಳ್ಬಿಟ್ಟೆ" ಅಂದರು. ಈ ಭಾನುವಾರ ನನಗೆ ಬೇಡ, ಅವರಿಗೆ ಫೋನ್ ಮಾಡು.