ಧೂಳಿನ ಕೆಮ್ಮು

ಅಪ್ಪಾ,

ದೇಶದಲ್ಲಿ ಎಷ್ಟು ಜನರಿಗೆ ಕ್ಷಯ ಬಂತು ಎಂದು ಲೆಕ್ಕ ಕೂಡಿಸುವುದು ನನ್ನ ಕೆಲಸ. "ಕಾಯಿಲೆ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಲೆಕ್ಕವೂ ಸುಳ್ಳಾಗುತ್ತೆ" ಎಂದು ಟೀವಿಯಲ್ಲಿ ಗಂಟಲು ಹರಿದುಕೊಳ್ಳುವವನೂ ನಾನೇ.

ಆ ಗಂಟಲಿಗೇ ಕೆಮ್ಮು ಹಿಡಿಯಿತು. ಗುರುತಿನವರಿಲ್ಲದ ಆಸ್ಪತ್ರೆಗೆ ಮುಖ ಮುಚ್ಚಿಕೊಂಡು ಹೋದೆ. ನರ್ಸಮ್ಮ "ಹೆಸರು ಹೇಳಿ" ಎಂದಾಗ ನಿನ್ನ ಹೆಸರು ಹೇಳಿಬಿಟ್ಟೆ.

ಇವತ್ತು ಫಲಿತಾಂಶ ಬಂತು. "ಕ್ಷಯಾನೇ. ಹೆದರ್ಬೇಡಿ, ಮಾತ್ರೆ ನುಂಗಿದ್ರೆ ವಾಸಿಯಾಗುತ್ತೆ. ಮನೇಲಿ ಎಲ್ರಿಗೂ ಪರೀಕ್ಷೆ ಮಾಡ್ಸಿ" ಎಂದರು ಡಾಕ್ಟರು. ಹೂಂ ಅಂದೆ.

ಮನೆಯಲ್ಲಿ ನಿನ್ನ ಸೊಸೆ ಕೇಳಿದಾಗ, ಅಮ್ಮನಿಗೆ ನೀನು ಹೇಳುತ್ತಿದ್ದ ಮಾತೇ ಬಾಯಿಗೆ ಬಂತು: "ಏನಿಲ್ಲ ಕಣೇ, ಧೂಳಿನ ಕೆಮ್ಮು." ನಿನ್ನ ಮೊಮ್ಮಗಳು ತೊಡೆಯೇರಿದಳು. ಇಳಿಸಲಿಲ್ಲ.

ನಿನ್ನ ಕ್ಷಯವನ್ನು ಕೊನೆಯವರೆಗೂ ಮುಚ್ಚಿಟ್ಟು, ಯಾವ ಲೆಕ್ಕಕ್ಕೂ ಸಿಗದೆ ತೀರಿಕೊಂಡವನು ನೀನು. ಈ ವರ್ಷದ ರೋಗಿಗಳ ಲೆಕ್ಕದಲ್ಲಿ ನೀನಿದ್ದೀಯ, ಅಪ್ಪಾ. ನಾನಿಲ್ಲ.